ಜಂತುಹುಳುವಿನ ಪೊಟ್ಟಣವನ್ನು ಬಿಸಿಲಿಗಿಡಬೇಡಿ

ಮಾನ್ಯರೇ,

ಅಡಿಕೆಯ ಬೇರು ತಿನ್ನುವ ಬೇರುಹುಳುವನ್ನು ಕೊಲ್ಲಲು ಮಣ್ಣಿಗೆ ಹಾಕುವ, ನೂಲೆಳೆಯಂಥ ಸಣ್ಣ ಜೀವಂತ ಜಂತುಹುಳುವಿನ ಪೊಟ್ಟಣ ತರಲು ಹೋದಾಗ, ಅಂಗಡಿಯಾತ ‘ಒಳಗೆ ಗಂಡೂ ಹೆಣ್ಣೂ ಎರಡೂ ಇದ್ದರೆ ನಿಮ್ಮ ಅದೃಷ್ಟ ಮೇಷ್ಟ್ರೇ’ ಎಂದು ನಕ್ಕ. ಅವನ ಬೆನ್ನ ಹಿಂದಿನ ಪೊಟ್ಟಣಗಳ ಮೇಲೆ ಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದಿತ್ತು. ಮೂವತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವನಿಗೆ ಸುಮ್ಮನಿರುವುದು ಕಷ್ಟ.

ನಾನು ತಂದದ್ದು ಹೆಟೆರೊರಾಬ್ಡೈಟಿಸ್ ಇಂಡಿಕಾ. ಕೊಯಮತ್ತೂರಿನಲ್ಲಿ ಸಿಕ್ಕ ಈ ಜಂತುವಿಗೆ 1992ರಲ್ಲಿ ಹೆಸರಿಟ್ಟರು. ಪೊಟ್ಟಣದ ಪುಡಿಯಲ್ಲಿ ಬೆರೆತಿರುವುದು ಅದರ ಮರಿಗಳು. ಏನನ್ನೂ ತಿನ್ನದೆ, ಮೈಯಲ್ಲಿ ಕೂಡಿಟ್ಟ ಕೊಬ್ಬಿನಲ್ಲೇ ದಿನ ದೂಡುತ್ತಿರುತ್ತವೆ. ಬೇರುಹುಳುವಿನೊಳಗೆ ಹೊಕ್ಕ ಮೇಲೆ ಪ್ರತಿಯೊಂದೂ ದ್ವಿಲಿಂಗಿಯಾಗಿ ಬಲಿಯುತ್ತದೆ. ತನ್ನ ವೀರ್ಯದಿಂದಲೇ ತನ್ನ ಮೊಟ್ಟೆಗಳನ್ನು ಫಲಿಸಿಕೊಳ್ಳುತ್ತದೆ. ಹೊಕ್ಕಿದ್ದು ಒಂದೇ ಆದರೂ ಸಂಸಾರ ಸಾಗುತ್ತದೆ. ಗಂಡು, ಹೆಣ್ಣು ಬೇರೆಬೇರೆಯಾಗಿ ಕಾಣಿಸಿಕೊಳ್ಳುವುದು ಅದರ ಮಕ್ಕಳ ಕಾಲಕ್ಕೆ. ಊಟ ತೀರುತ್ತ ಬಂದಾಗ ಮೊಟ್ಟೆಗಳು ತಾಯಿಯ ಒಡಲಲ್ಲೇ ಒಡೆದು, ಮರಿಗಳು ತಾಯಿಯನ್ನೇ ತಿಂದು ಹೊರಬರುತ್ತವೆ. ಈ ಪಾಠಕ್ಕೆ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಿದ್ದರು.

ಅಂಗಡಿಯಾತನದು ಪೂರ್ತಿ ತಪ್ಪಲ್ಲ. ಸ್ಟೈನರ್‌ನೀಮಾ ಎಂಬ ಇನ್ನೊಂದು ಕುಲದಲ್ಲಿ ಹೆಚ್ಚಿನವಕ್ಕೆ ಗಂಡು ಹೆಣ್ಣು ಎರಡೂ ಬೇಕು. ಸೊಳ್ಳೆಮರಿಯೊಳಗೆ ಬೆಳೆಯುವ ಮರ್ಮಿಥಿಡ್ ಜಂತುಗಳ ಲೆಕ್ಕವೇ ಬೇರೆ: ಒಂಟಿಯಾಗಿದ್ದು ಹೊಟ್ಟೆ ತುಂಬಿದರೆ ಹೆಣ್ಣು, ಹಲವು ಸೇರಿ ಹಂಚಿಕೊಂಡು ತಿಂದರೆ ಬಹುಪಾಲು ಗಂಡು.

ಬೇರುಹುಳುವನ್ನು ಕೊಲ್ಲುವುದು ಈ ಜಂತು ಹೊಟ್ಟೆಯಲ್ಲಿ ಹೊತ್ತು ತರುವ ಬ್ಯಾಕ್ಟೀರಿಯಾ. ಸತ್ತ ಹುಳು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಕೊಳೆತು ನಾರುವುದಿಲ್ಲ. ಹೋದ ವರ್ಷ ಮರದ ಬುಡ ಅಗೆದಾಗ ಅಂಥವು ಮೂರು ಸಿಕ್ಕವು. ಒಂದನ್ನು ಒದ್ದೆ ಕಾಗದದ ಮೇಲಿಟ್ಟು ಗಾಜಿನ ಲೋಟ ಮುಚ್ಚಿದೆ. ಹದಿಮೂರನೆಯ ದಿನ ಭೂತಗನ್ನಡಿ ಹಿಡಿದು ನೋಡಿದರೆ, ಲೋಟದ ಒಳಮೈಯ ತೇವದಲ್ಲಿ ಅರ್ಧ ಮಿಲಿಮೀಟರಿನ ಬಿಳಿ ನೂಲೆಳೆಗಳು ಹೊರಳಾಡುತ್ತಿದ್ದವು.

ಈ ಸಲ ತಂದ ಪುಡಿಯನ್ನು ಒಂದು ಚಿಟಿಕೆ ನೀರಿಗೆ ಹಾಕಿ ನೋಡಿದೆ. ಒಂದೆರಡು ಬಿಟ್ಟರೆ ಉಳಿದವೆಲ್ಲ ಸೂಜಿಯಂತೆ ನೆಟ್ಟಗೆ, ಅಲ್ಲಾಡದೆ ಸತ್ತು ಬಿದ್ದಿದ್ದವು. ತಯಾರಿಕೆಯ ದಿನಾಂಕ ಅಳಿಸಿಹೋಗಿತ್ತು. ತಂಪಿನಲ್ಲಿಡಬೇಕು, ಸಂಜೆ ಹೊತ್ತು ತೇವದ ಮಣ್ಣಿಗೆ ಹಾಕಬೇಕು ಎಂಬುದು ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿತ್ತು. ಇಷ್ಟನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಮಾಡಿಸುವುದನ್ನು ಕೃಷಿ ಇಲಾಖೆ ಕಡ್ಡಾಯ ಮಾಡಲಿ. ಮಾರುವವರಿಗೂ ಅರ್ಧ ದಿನದ ತರಬೇತಿ ಕೊಡಿಸಲಿ.

ಹಣ ವಾಪಸು ಕೇಳಲು ಹೋದರೆ ಅಂಗಡಿಯಾತ, ‘ಗಂಡೇ ಇರಲಿಲ್ಲವೇನೋ ಮೇಷ್ಟ್ರೇ’ ಎಂದ.

– ನಿವೃತ್ತ ಶಿಕ್ಷಕ, ತೀರ್ಥಹಳ್ಳಿ ತಾಲ್ಲೂಕು