ಮಣ್ಣಿನ ಹಡಗನ್ನು ಓದುವ ಬಗೆ

ಚಿ. ಅನುಗೆ ದೊಡ್ಡಪ್ಪನ ಆಶೀರ್ವಾದಗಳು.

ಸೈಪ್ರಸ್ಸಿನ ಪ್ರಾಚೀನ ಊರು ಅಮಾಥಸ್‌ನಲ್ಲಿ ಸಿಕ್ಕ ಮಣ್ಣಿನ ಪುಟ್ಟ ಹಡಗು ಮಾದರಿಗಳ ಮೇಲೆ ಪ್ರಬಂಧ ಬರೆಯುತ್ತೀಯಂತೆ, ಕೇಳಿ ತುಂಬ ಸಂತೋಷವಾಯಿತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅವನ್ನು ಮಾಡಿದ್ದು ಕುಂಬಾರರು, ಹಡಗು ಕಟ್ಟುವ ಬಡಗಿಗಳಲ್ಲ.

ಲೆಕ್ಕ ಹಾಕಿ ನೋಡು. 30 ಸೆಂ.ಮೀ. ಉದ್ದದ ಮಾದರಿಯ ಗೋಡೆ 8 ಮಿ.ಮೀ. ದಪ್ಪ ಇದೆ ಎಂದುಕೋ. ಅದನ್ನೇ 12 ಮೀಟರ್ ಹಡಗಿಗೆ ಹಿಗ್ಗಿಸಿದರೆ ಹಲಗೆಯ ದಪ್ಪ 32 ಸೆಂ.ಮೀ. ಆಗುತ್ತದೆ. ಸೈಪ್ರಸ್ಸಿನದೇ ಕಿರೀನಿಯಾ ಬಳಿ ಮುಳುಗಿದ ಕ್ರಿ.ಪೂ. 4ನೇ ಶತಮಾನದ ಗ್ರೀಕ್ ಹಡಗು ಸುಮಾರು 14 ಮೀಟರ್ ಉದ್ದ. ಅದರ ಹಲಗೆ 4 ಸೆಂ.ಮೀ. ಆಸುಪಾಸು ಅಷ್ಟೇ. ಹಸಿಮಣ್ಣಿನ ಗೋಡೆ ತೀರ ತೆಳುವಾದರೆ ಬಾಗುತ್ತದೆ, ಉದ್ದ ಹೆಚ್ಚಾದರೆ ಒಣಗುವಾಗ ಬಿರುಕು ಬಿಡುತ್ತದೆ. ಅದಕ್ಕೇ ಮಾದರಿಗಳು ಗಿಡ್ಡಗೆ, ಗುಂಡಗೆ ಆಗಿಬಿಡುತ್ತವೆ. ಅವುಗಳ ಉದ್ದಗಲದಿಂದ ನಿಜ ಹಡಗಿನ ಅಳತೆ ತೆಗೆಯಲು ಹೋಗಬೇಡ.

ನಂಬಬೇಕಾದ್ದು ಯಾವ ಭಾಗ ಎಲ್ಲಿದೆ ಎಂಬುದನ್ನು. ಹಾಯಿಮರ ನಿಲ್ಲುವ ಕುಳಿ, ಅಡ್ಡತೊಲೆ, ಹಿಂಬದಿಯ ಎರಡೂ ಮಗ್ಗುಲಲ್ಲಿ ಚುಕ್ಕಾಣಿಯ ಹುಟ್ಟು ಕೂರುವ ಎಡೆ: ಪಾತ್ರೆಯಾಗಿ ನಿಲ್ಲಲು ಇವು ಯಾವುದೂ ಬೇಕಿಲ್ಲ. ಆದರೂ ಕುಂಬಾರ ಮೆತ್ತಿದ್ದಾನೆ ಎಂದರೆ ಹಡಗಿನಲ್ಲಿ ಅವು ಕಣ್ಣಿಗೆ ಬೀಳುವಂತಿದ್ದವು.

ತೂತುಗಳ ವಿಷಯದಲ್ಲಂತೂ ಎಚ್ಚರ. ಅಂಚಿನ ತೂತನ್ನೆಲ್ಲ ಹುಟ್ಟಿನ ಕಿಂಡಿ ಎಂದುಕೊಳ್ಳಬೇಡ. ದಾರ ಪೋಣಿಸಿ ತೂಗುಹಾಕಲೂ ತೂತು ಬೇಕು. ಭೂತಗನ್ನಡಿ ಹಿಡಿದು ಅಂಚು ನೋಡು. ಹಸಿಮಣ್ಣಿನಲ್ಲಿ ಕಡ್ಡಿ ಚುಚ್ಚಿದ್ದರೆ ಸುತ್ತ ಮಣ್ಣು ತುಟಿಯಂತೆ ಉಬ್ಬಿರುತ್ತದೆ, ಒಳಗೋಡೆ ನುಣುಪಾಗಿರುತ್ತದೆ. ಸುಟ್ಟ ಮೇಲೆ ಕೊರೆದಿದ್ದರೆ ಅಂಚು ಚಕ್ಕೆ ಎದ್ದು ಒರಟಾಗಿರುತ್ತದೆ. ಆ ಎರಡನೆಯದನ್ನು ಹಡಗಿನ ಲೆಕ್ಕಕ್ಕೆ ತೆಗೆದುಕೊಳ್ಳಬೇಡ.

ಹಲಗೆಗಳನ್ನು ಹೇಗೆ ಜೋಡಿಸಿದ್ದರು ಎಂಬುದನ್ನು ಮಾತ್ರ ಮಣ್ಣು ಹೇಳುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. ಗ್ರೀಕರು ನೆಲೆಸಿದ್ದ ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ ಕ್ರಿ.ಪೂ. 6ನೇ ಶತಮಾನದ ಎರಡು ಹಡಗು ಸಿಕ್ಕಿವೆ. ಚಿಕ್ಕದು ಹಗ್ಗದಲ್ಲಿ ಹೊಲಿದದ್ದು. ದೊಡ್ಡದರ ಬಹುಪಾಲು ಹಲಗೆಯ ಅಂಚಿನಲ್ಲಿ ಕುಳಿ ತೋಡಿ, ಮರದ ನಾಲಿಗೆ ಕೂರಿಸಿ, ಅಡ್ಡ ಗೂಟ ಬಡಿದು ಕಟ್ಟಿದ್ದು. ಹೊಲಿಗೆ ತುದಿಗಳಲ್ಲಿ ಮಾತ್ರ ಉಳಿದಿದೆ. ಕಿರೀನಿಯಾ ಹಡಗಿನ ಹೊತ್ತಿಗೆ ಇಂಥ ನಾಲಿಗೆಗಳು ಸುಮಾರು 12 ಸೆಂ.ಮೀ.ಗೊಂದರಂತೆ ಬರುತ್ತವೆ. ಮೂರೂ ಹಡಗುಗಳ ಹೊರಮೈಯನ್ನು ಮಣ್ಣಿನಲ್ಲಿ ಮಾಡಿದರೆ ಒಂದೇ ಥರ ನುಣ್ಣಗೆ ಕಾಣುತ್ತವೆ.

ಕಾರವಾರದಲ್ಲಿ 2025ರ ಮೇನಲ್ಲಿ ನಮ್ಮ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಎಂಬ ಹೊಲಿದ ಹಡಗನ್ನೇ ತೆಗೆದುಕೋ. ಆಕಾರ ಅಜಂತಾದ ಚಿತ್ರದಿಂದ ಬಂತು, ಆದರೆ ತೆಂಗಿನ ನಾರಿನ ಹುರಿಯಲ್ಲಿ ಹೊಲಿಯುವ ವಿದ್ಯೆ ಕೇರಳದ ಕುಶಲಕರ್ಮಿಗಳ ಕೈಯಿಂದಲೇ ಬರಬೇಕಾಯಿತು. ಹಾಗೆಯೇ ನಿನ್ನ ಪ್ರಬಂಧದಲ್ಲೂ ಆಕಾರಕ್ಕೆ ಮಾದರಿ, ಜೋಡಣೆಗೆ ಮುಳುಗಿದ ಹಡಗು ಎಂದು ಅಧ್ಯಾಯ ಬೇರೆಬೇರೆ ಮಾಡು.

ಮಾದರಿಯನ್ನು ನೋಡಲು ಹೋದಾಗ ಗೋಡೆಯ ದಪ್ಪವನ್ನು ಮೂರು ಕಡೆಯಾದರೂ ಅಳೆ. ಒಳಮೈಯಲ್ಲಿ ಗೀರುಗಳಿದ್ದರೆ ದೀಪವನ್ನು ಓರೆಯಾಗಿ ಹಿಡಿದು ಫೋಟೊ ತೆಗೆದು ಕಳಿಸು.

ಇಂತಿ ನಿನ್ನ
ದೊಡ್ಡಪ್ಪ