ಕಮಾನಿಗಿಂತ ಮೊದಲು ಬೀದಿದೀಪ

ಮಾನ್ಯ ಸಂಪಾದಕರೇ,

ಏಪ್ರಿಲ್ 1ಕ್ಕೆ ಹೊಸ ಆರ್ಥಿಕ ವರ್ಷ. ಚಿತ್ರದುರ್ಗ ನಗರಸಭೆಯ ಬಜೆಟ್‌ನಲ್ಲಿ ಸ್ವಾಗತ ಕಮಾನು, ವೃತ್ತಗಳ ಅಲಂಕಾರಕ್ಕಿಂತ ಮೊದಲು ಜನರ ಸುರಕ್ಷತೆಗೆ ಹಣ ಮೀಸಲಿಡಲಿ. ಹೊಸ ಕಂಬ ನೆಡಲು ಎಲ್ಲಿಂದಾದರೂ ಅನುದಾನ ಹೊಂದಿಸಬಹುದು. ಕೆಟ್ಟ ದೀಪ ಬದಲಿಸುವ ನಿರ್ವಹಣಾ ವೆಚ್ಚಕ್ಕೆ ಮಾತ್ರ ಯಾರೂ ಭೂಮಿಪೂಜೆ ಮಾಡುವುದಿಲ್ಲ, ಫಲಕವನ್ನೂ ಹಾಕುವುದಿಲ್ಲ! ಸಂತೆಪೇಟೆಯಂತಹ ಇಕ್ಕಟ್ಟಿನ ಕಡೆ ತಳ್ಳುಗಾಡಿ, ಆಟೊಗಳ ನಡುವೆ ಪಾದಚಾರಿಗೆ ಉಳಿಯುವುದು ಚರಂಡಿಯ ಮೇಲಿನ ಕಲ್ಲುಚಪ್ಪಡಿ. ಅದರಲ್ಲೊಂದು ಅಲುಗಾಡುತ್ತಿದ್ದರೆ, ಮೇಲೆ ದೀಪವೂ ಇಲ್ಲದಿದ್ದರೆ, ವಯಸ್ಸಾದವರ ಗತಿಯೇನು? ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದವರಿಗೆ ಶೇ 5ರಷ್ಟು ರಿಯಾಯಿತಿ ಇರುವುದರಿಂದ ಆಗ ಕಂದಾಯವೂ ಬರುತ್ತದೆ. ದೀಪ, ಚಪ್ಪಡಿ, ರಸ್ತೆಉಬ್ಬಿನ ಬಣ್ಣಕ್ಕೆ ಅದರಲ್ಲಿ ಎಷ್ಟು ಎಂಬುದನ್ನು ವಾರ್ಡ್‌ವಾರು ಸೂಚನಾಫಲಕದಲ್ಲಿ ಪ್ರಕಟಿಸಲಿ.

– ಒಬ್ಬ ತೆರಿಗೆದಾರ, ಚಿತ್ರದುರ್ಗ