ಭಾನುವಾರದ ಕಾರ್ಟೂನ್: ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ. ಈ ವಾರ ಟಾಮ್ ಅಂಡ್ ಜೆರ್ರಿ ಬೇಡ, ಅದೇ ಎಂಜಿಎಂ ಸ್ಟುಡಿಯೋದಲ್ಲಿ ಕಾರ್ಟೂನ್ ನಿರ್ದೇಶಕ ಟೆಕ್ಸ್ ಏವರಿ ಮಾಡಿದ ‘ಬ್ಯಾಡ್ ಲಕ್ ಬ್ಲ್ಯಾಕಿ’ (1949) ನೋಡೋಣ. ಏಳೇ ನಿಮಿಷ. ಮರಿ ಬೆಕ್ಕು ಸೀಟಿ ಊದಿದರೆ ಸಾಕು, ಕರಿ ಬೆಕ್ಕು ಠೀವಿಯಿಂದ, ಮರಿಗೆ ಕಾಟ ಕೊಡುವ ನಾಯಿಗೆ ಅಡ್ಡ ಹೋಗುತ್ತದೆ, ಮೇಲಿಂದ ಹೂಕುಂಡ ಬೀಳುತ್ತದೆ, ಕೊನೆಕೊನೆಗೆ ಬಾತ್‌ಟಬ್, ಪಿಯಾನೋ, ರೋಡ್ ರೋಲರ್, ವಿಮಾನ, ಬಸ್ಸು, ಹಡಗು! ಬೆಕ್ಕು ಅಡ್ಡ ಬಂದರೆ ಅಪಶಕುನ ಅಂತ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಏವರಿಯ ಅಳಿಲು ಸ್ಕ್ರೂವಿ ಐದೇ ಚಿತ್ರಗಳಲ್ಲಿ ಬಂದು ಹೋಯಿತು, ಅದಕ್ಕೇ ನನಗೆ ಅದರ ಮೇಲೆ ಜಾಸ್ತಿ ಪ್ರೀತಿ. ಏವರಿ ಕಾರ್ಟೂನುಗಳ ಬ್ಲೂ-ರೇ 2020ರಲ್ಲಿ ಬಂದಿದೆ. ಯಾರ ಮನೆಯ ಅಟ್ಟದಲ್ಲಾದರೂ 16 ಎಂಎಂ ರೀಲ್ (ಹಳೆಯ ಸಿನಿಮಾ ಫಿಲ್ಮ್ ಸುರುಳಿ) ಇದ್ದರೆ ಡಬ್ಬಿ ತೆರೆದು ಮೂಸಿ ನೋಡಿ. ವಿನಿಗರ್ ವಾಸನೆ ಬಂದರೆ ಫಿಲ್ಮ್ ಹಾಳಾಗಲು ಶುರುವಾಗಿದೆ, ಬೇರೆ ರೀಲುಗಳಿಂದ ದೂರ ಇಟ್ಟು ತಕ್ಷಣ ನನಗೆ ತಿಳಿಸಿ.